ಗೋಡೆ ಮೇಜಿನ ಸೊನ್ನೆ

ನಮ್ಮದು ರಟ್ಟಿನ ಡಬ್ಬಿ ಮಾಡುವ ಸಣ್ಣ ಕಾರ್ಖಾನೆ. ಅಂದು ಚಪ್ಪಲಿ ಅಂಗಡಿಯೊಂದರ ಮೊದಲ ಆರ್ಡರ್: ಏಳುನೂರ ಇಪ್ಪತ್ತು ಡಬ್ಬಿ. ಮಧ್ಯಾಹ್ನ ಒಂದಕ್ಕೆ ಲಾರಿ. ಅದು ಖಾಲಿ ಹೋದರೆ ಆ ಅಂಗಡಿಯವರು ಮತ್ತೆ ನಮ್ಮ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇಂಥ ದಿನವೇ ನನಗೆ ಲೆಕ್ಕದ ಹುಚ್ಚು ಹಿಡಿಯಬೇಕೆ?

ಕಿಟಕಿ ಮೇಜಿನಲ್ಲಿ ಮೂವರು. ಗೋಡೆ ಮೇಜಿನಲ್ಲಿ ಅಪ್ಪನ ಅಕ್ಕ ದೊಡ್ಡತ್ತೆ ಸೇರಿ ನಾಲ್ವರು. ಎರಡಕ್ಕೂ ರಟ್ಟು ಸಮಪಾಲು. ಒಂಬತ್ತಕ್ಕೆ ಗಡಿಯಾರ ಹಿಡಿದು ನಿಂತೆ. ಹತ್ತು ನಿಮಿಷಕ್ಕೆ ಕಿಟಕಿಯವರು ಮೂವತ್ತು ಡಬ್ಬಿ ಮುಗಿಸಿದರು, ಅಂದರೆ ತಲಾ ನಿಮಿಷಕ್ಕೊಂದು. ಗೋಡೆಯವರು? ಸೊನ್ನೆ.

“ಅಪ್ಪಾ, ಅತ್ತೆ ಸ್ಪೀಡಲ್ಲಿ ಹೋದ್ರೆ ನನ್ನ ಮೊಮ್ಮಕ್ಕಳ ಮದುವೆಗೂ ಆರ್ಡರ್ ಮುಗಿಯಲ್ಲ!”

ಅಪ್ಪ ಫೋನಿನಲ್ಲಿದ್ದರು. “ಏನಾದ್ರೂ ಮಾಡ್ಕೊ ಮಾರಾಯ, ಒಂದು ಗಂಟೆಗೆ ಡಬ್ಬಿ ಇರ್ಬೇಕು.”

ಅತ್ತೆಯವರು ಮಡಚಿಟ್ಟಿದ್ದ ತೊಂಬತ್ತು ರಟ್ಟನ್ನು ಅವರಿಗೇ ಬಿಟ್ಟು, ಮಿಕ್ಕದ್ದನ್ನೆಲ್ಲ ಕಿಟಕಿಗೆ ಹೊತ್ತೆ. ಅಲ್ಲಿಗೆ ಕಿಟಕಿಯಲ್ಲಿ ಬಾಕಿ ಆರುನೂರು, ನಿಮಿಷಕ್ಕೆ ಮೂರು: ಹನ್ನೆರಡೂವರೆಗೆ ಖಲಾಸ್! ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘12:30’ ಅಂತ ಬರೆದೂಬಿಟ್ಟೆ. ಸ್ವಲ್ಪ ಹೊತ್ತಿಗೆ ಅತ್ತೆಯ ಮೇಜಿನವರು ಕೈಕಟ್ಟಿ ಕೂತದ್ದು ಕಂಡು, ಸೋಮಾರಿಗಳು ಅಂದುಕೊಂಡೆ.

ಹನ್ನೆರಡಾಯಿತು. ಕಿಟಕಿಯಲ್ಲಿ ಇನ್ನೂ ಇನ್ನೂರು ಬಾಕಿ.

“ಬೆಳಗ್ಗೆ ನೀನು ಎದುರಿಗೆ ನಿಂತಿದ್ದೆ ಅಂತ ಕೈ ಓಡಿಸಿದ್ವಿ ಕಣಪ್ಪಾ,” ಎಂದಳು ಆ ಮೇಜಿನ ಕೆಲಸದಾಕೆ. “ಬೆರಳೇನು ಮಶೀನಾ?”

ಅತ್ತೆಯ ಹತ್ತಿರ ಓಡಿದೆ. “ಅತ್ತೆ, ನಿಮ್ಮ ತೊಂಬತ್ತು?”

“ಒಂಬತ್ತೂ ಇಪ್ಪತ್ತಕ್ಕೇ ಮುಗೀತು. ನಾವು ಮೊದ್ಲು ಎಲ್ಲಾ ಮಡಚ್ತೀವಿ, ಆಮೇಲೆ ಒಟ್ಟಿಗೆ ಅಂಟು ಹಚ್ತೀವಿ. ನೀನು ಮಡಚೋ ಹೊತ್ತಲ್ಲಿ ಡಬ್ಬಿ ಎಣಿಸ್ದೆ. ಅಳತೆ ತಗೊಳ್ತಿರೋ ದರ್ಜಿ ಹತ್ರ ಅಂಗಿ ಎಲ್ಲಿ ಅಂದಂಗೆ.”

ನಾಲ್ವರು, ಇಪ್ಪತ್ತು ನಿಮಿಷ, ತೊಂಬತ್ತು. ತಲಾ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು! ಗೆಲ್ಲುವ ಕುದುರೆಯನ್ನು ನಾನೇ ಲಾಯದಲ್ಲಿ ಕಟ್ಟಿದ್ದೆ.

“ಮಾಡ್ಕೊಡಿ ಅತ್ತೆ, ತಪ್ಪಾಯ್ತು.”

“ಮಾಡೋಣ. ಗಡಿಯಾರ ಇಲ್ಲಿ ಕೊಡು. ನೀನೂ ಕೂತ್ಕೊಂಡು ಅಂಟು ಹಚ್ಚು.”

ಹನ್ನೆರಡೂ ನಲವತ್ತಕ್ಕೆ ಕೊನೆಯ ಡಬ್ಬಿ ಮುಗಿಯಿತು. ಲಾರಿ ತುಂಬಿಕೊಂಡು ಹೋಯಿತು, ಅಪ್ಪ ನೆಮ್ಮದಿಯ ಉಸಿರು ಬಿಟ್ಟರು. ಅತ್ತೆ ಮಾತ್ರ ಗಡಿಯಾರ ಬಿಟ್ಟಿರಲಿಲ್ಲ.

“ಹತ್ತು ನಿಮಿಷಕ್ಕೆ ನಿಂದು ಎರಡು ಡಬ್ಬಿ. ಮೂರನೇದು ನಿನ್ನ ತೋಳಿಗೇ ಅಂಟ್ಕೊಂಡಿದೆ, ಅದು ಲೆಕ್ಕಕ್ಕಿಲ್ಲ; ಬದಲಿಗೆ ಬೇರೆ ಡಬ್ಬಿ ಕಳಿಸಿದ್ದಾಯ್ತು. ಈ ಸ್ಪೀಡಲ್ಲಿ ಏಳ್ನೂರ ಇಪ್ಪತ್ತಕ್ಕೆ ಎಷ್ಟು ಹೊತ್ತು ಬೇಕು, ಲೆಕ್ಕದ ಮೇಷ್ಟ್ರೇ?”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಅರವತ್ತು ಗಂಟೆ. ಗೋಡೆಯ ಮೇಲಿನ ‘12:30’ ಅನ್ನು ತೋಳಿನಿಂದಲೇ ಒರೆಸಹೋದೆ. ಡಬ್ಬಿ ಗೋಡೆಗೂ ಅಂಟಿಕೊಂಡಿತು.