ರಾಜನ ತಲೆಯ ಮೇಲೊಂದು ತೂತು

"ತೂತು ಮಾಡಿದರೆ ಇದು ಆಭರಣ ಆಗ್ತದಾ, ಅಲ್ಲ ತೂತು ಬಿದ್ದ ನಾಣ್ಯವೇ ಆಗ್ತದಾ?" ಪದ್ಮಯ್ಯ ಮೂರನೆಯ ಸಲ ಕೇಳಿದರು.

ಪಾಣೆಮಂಗಳೂರಿನ ಅಕ್ಕಸಾಲಿ ಶೇಷಪ್ಪ ಆಚಾರಿ ಕನ್ನಡಕ ಒರೆಸಿದ. "ನನ್ನನ್ನು ಕೇಳಿದರೆ ಹೇಗೆ ಮಾಸ್ಟ್ರೇ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಈ ಕಾನೂನು ಬಂದ ಮೇಲೆ ನನ್ನ ಒಲೆ ಹಚ್ಚದೆ ತಿಂಗಳಾಯ್ತು."

ಅದು ೧೯೬೩. ಆಭರಣವಲ್ಲದ ಚಿನ್ನವನ್ನು ಸರಕಾರಕ್ಕೆ ಬರೆದು ತಿಳಿಸಬೇಕೆಂಬ ಕಾನೂನು ಬಂದಿತ್ತು. ತಿಳಿಸಿದ ಮೇಲೆ ಅದು ಮನೆಯಲ್ಲೇ ಉಳಿಯುತ್ತದೋ ಇಲ್ಲವೋ ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮೂಡುಬಿದಿರೆಯಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಪದ್ಮಯ್ಯ ಹದಿನಾರು ವರ್ಷ ಅಲೆದು ಕೂಡಿಸಿದ್ದು ಮೂರೇ ಚಿನ್ನದ ನಾಣ್ಯ. ಮೂರೂ ಪೂರ್ವ ರೋಮಿನ, ಅಂದರೆ ಬೈಜಾಂಟಿಯಂನ, ಚಕ್ರವರ್ತಿಗಳ ಕಾಲದವು. ಒಂದು ಬದಿಗೆ ಕಿರೀಟದ ರಾಜ, ಇನ್ನೊಂದು ಬದಿಗೆ ಶಿಲುಬೆ ಹಿಡಿದ ದೇವದೂತ. ಹೆಂಡತಿ ವಾರಿಜಾಕ್ಷಿಯ ಕೈಗೂ ಅವರು ಅವನ್ನು ಕೊಟ್ಟವರಲ್ಲ. ಕುತ್ತಿಗೆಗೆ ಹಾಕಿಕೊಂಡರೆ ಆಭರಣವೇ ಆಯಿತಲ್ಲ ಎಂದವಳು ಆಕೆಯೇ. ಈಗ ಅಂಗಡಿಯ ಚಾಪೆಯ ಮೇಲೆ ಕೂತು ಒಂದನ್ನು ಮೊದಲ ಬಾರಿಗೆ ಅಂಗೈಯಲ್ಲಿ ಹಿಡಿದಿದ್ದಳು.

"ಇಷ್ಟು ದೂರದ ರಾಜ ನಮ್ಮ ಕಡೆಗೆ ಯಾಕೆ ಬಂದದ್ದು?"

"ಕರಿಮೆಣಸಿಗೆ," ಎಂದರು ಪದ್ಮಯ್ಯ.

ಶೇಷಪ್ಪ ಉಳಿ ತೆಗೆದ. "ನೇತುಹಾಕುವ ಕೊಂಡಿ ಬೆಸೆಯುವ ಧೈರ್ಯ ನನಗಿಲ್ಲ, ಒಲೆ ಹಚ್ಚಬೇಕಾಗ್ತದೆ. ತೂತಾದರೆ ಒಂದೇ ಪೆಟ್ಟು. ಎಲ್ಲಿಗೆ ಹೊಡೆಯುವ?"

ಪದ್ಮಯ್ಯ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿರೀಟದ ಮೇಲ್ಗಡೆ ಹೊಡೆದರೆ ಅಂಚಿನ ಸುತ್ತ ಬರೆದ ರಾಜನ ಹೆಸರಿನ ಒಂದು ಅಕ್ಷರ ಹೋಗುತ್ತದೆ, ಹಿಂಬದಿಗೆ ದೇವದೂತನ ಪಾದ ಹೋಗುತ್ತದೆ. ಪಕ್ಕಕ್ಕೆ ಹೊಡೆದರೆ ರಾಜ ಓರೆಯಾಗಿ ನೇತಾಡುತ್ತಾನೆ.

"ಅಕ್ಷರ ಹೋಗಲಿ."

ಪೆಟ್ಟು ಬಿತ್ತು. ಸದ್ದು ಅವರು ಅಂದುಕೊಂಡಷ್ಟು ಜೋರಿರಲಿಲ್ಲ. ಶೇಷಪ್ಪ ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಪದ್ಮಯ್ಯ ಉಳಿದೆರಡನ್ನೂ ಬಾಚಿ ಅಂಗಿಯ ಕಿಸೆಗೆ ಹಾಕಿಕೊಂಡರು.

"ಇವು ಬೇಡ."

"ಹಾಗಾದರೆ ಅದಕ್ಕೆ ಯಾಕೆ ತೂತು ಮಾಡಿಸಿದ್ದು?" ಎಂದಳು ವಾರಿಜಾಕ್ಷಿ.

ಪದ್ಮಯ್ಯ ಕಿಸೆಯನ್ನು ಮುಟ್ಟಿ ನೋಡಿಕೊಂಡರು. ನಾಣ್ಯ ಇಟ್ಟುಕೊಳ್ಳುವುದು ತಪ್ಪಾದರೆ ಕಿಸೆಯಲ್ಲಿ ಇನ್ನೂ ಎರಡು ಉಂಟು. ತಪ್ಪಲ್ಲವಾದರೆ ಆ ಪೆಟ್ಟು ಬೇಕಿರಲಿಲ್ಲ. ಉಳಿಯ ತುದಿಯಿಂದ ಬಿದ್ದ ಚಿನ್ನದ ಚೂರನ್ನು ಶೇಷಪ್ಪ ಕಾಗದದಲ್ಲಿ ಮಡಚಿ ಕೊಟ್ಟ. ಅದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಕೇಳಹೋದ ಪದ್ಮಯ್ಯ ಅದನ್ನೂ ಕಿಸೆಗೆ ಹಾಕಿಕೊಂಡರು.

ಬಸ್ಸಿನಲ್ಲಿ ವಾರಿಜಾಕ್ಷಿ ನಾಣ್ಯವನ್ನು ಕರಿಮಣಿಗೆ ಪೋಣಿಸಿ ಹಾಕಿಕೊಂಡಳು. ಬಂಟ್ವಾಳ ದಾಟಿದ ಮೇಲೆ ರಸ್ತೆ ಹಾಳಾಗಿತ್ತು. ಒಂದು ಕುಲುಕಿಗೆ ರಾಜ ಕಂಡ, ಇನ್ನೊಂದಕ್ಕೆ ದೇವದೂತ.

"ಈಗ ಯಾರು ಕಾಣ್ತಾರೆ?" ಎಂದು ಕೇಳಿದಳು.

ಪದ್ಮಯ್ಯ ಬಗ್ಗಿ ನೋಡಿದರು. ಅಷ್ಟರಲ್ಲಿ ಅದು ಮತ್ತೆ ತಿರುಗಿತು.