ಎಡಗೈಯ ಪ್ರಭಾವಳಿ

ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ಟೈಲ್ಸ್ ಕೂರಿಸಿದವನು ನಾನು, ಕಾರ್ಕಳದ ಅಂಗಾರ. ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಇಟ್ಟಲ್ಲೇ ಕೂರುತ್ತದೆ; ಸುಳ್ಳಾದರೆ ಮೀಸೆ ಬೋಳಿಸುತ್ತೇನೆ. ಇಂಥವನಿಗೆ ಕಂಪನಿಯವರು ಏನಂದರು ಗೊತ್ತೇ? ನಿನ್ನ ಮೊಣಕಾಲು ಹೋಗಿದೆ, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ, ವೀಸಾ ಮುಗಿದ ಮೇಲೆ ಊರಿಗೆ ಹೋಗು ಅಂದರು. ವೀಸಾ ಮುಗಿಯಲು ಇದ್ದದ್ದು ಎರಡೇ ತಿಂಗಳು. ಮಗಳು ಅಕ್ಷಿತಾಳ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಇನ್ನೂ ಆರು ತಿಂಗಳಿತ್ತು. ನಾನು ಹೊರಟರೆ ಅವಳೂ ನಡುವರ್ಷದಲ್ಲಿ ಶಾಲೆ ಬಿಟ್ಟು ಹೊರಡಬೇಕು.

ಆಗ ಸಿಕ್ಕಿದವರು ಐಡಾ ಮೇಡಂ. ಲೆಬನಾನಿನವರು, ಅರವತ್ತು ದಾಟಿದವರು. ಸಾವಿರ ವರ್ಷದ ಹಿಂದೆ ಬೈಜಾಂಟಿಯಂ ದೇಶದವರು ಮಾಡುತ್ತಿದ್ದ ಹಾಗೆ, ಉಗುರಿನಷ್ಟು ಗಾಜಿನ ಚೂರುಗಳನ್ನು ಜೋಡಿಸಿ ಇಗರ್ಜಿಯ ಗೋಡೆಗಳಲ್ಲಿ ಚಿತ್ರ ಮಾಡುವುದು ಅವರ ಕೆಲಸ. ಮಸ್ಕತ್ತಿನದೇ ಪೇಟೆ ರುವಿಯ ಒಂದು ಸಣ್ಣ ಇಗರ್ಜಿಯಲ್ಲಿ ಮೇರಿಯಮ್ಮನ ಮುಖ ಮುಗಿದಿತ್ತು, ತಲೆಯ ಸುತ್ತಲಿನ ಚಿನ್ನದ ಪ್ರಭಾವಳಿ ಅರ್ಧ ಆಗಿತ್ತು. ಇವರು ಏಣಿಯಿಂದ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದರು, ಡಾಕ್ಟರು ಇನ್ನು ಕೆಲಸ ಬೇಡ ಅಂದಿದ್ದರು. ಉಳಿದ ಅರ್ಧ ಮಾಡು, ಸರಿಬಂದರೆ ನನ್ನ ಕಫೀಲ್, ಅಂದರೆ ವೀಸಾಕ್ಕೆ ಜಾಮೀನು ನಿಲ್ಲುವ ಒಮಾನಿಯ ಹತ್ತಿರ ಹೇಳಿ ನಿನ್ನ ವೀಸಾ ನಾನೇ ಮಾಡಿಸುತ್ತೇನೆ ಅಂದರು. ನಿಂತುಕೊಂಡು ಮಾಡುವ ಕೆಲಸ! ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಮೊದಲ ದಿನ ಬೆಳಿಗ್ಗೆ ಅವರು ಅರಬ್ಬಿಯಲ್ಲಿ ಏನೇನೋ ವಿವರಿಸಿದರು. ನಾನು ಅರ್ಧ ಕೇಳಿದೆ, ಅರ್ಧ ಬಿಟ್ಟೆ. ಮೀನಿಗೆ ಈಜು ಕಲಿಸುವುದೇ? ಅವರು ಕೈ ತೋರಿಸಲು ಆಸ್ಪತ್ರೆಗೆ ಹೋದರು. ಬರುವಷ್ಟರಲ್ಲಿ ನಾನು ಸುಣ್ಣದ ಗಾರೆ ಬಳಿದು, ಚಿನ್ನದ ರೇಕು ಕೂರಿಸಿದ ಗಾಜಿನ ಚೂರುಗಳನ್ನೆಲ್ಲ ಒತ್ತಿ, ಮೇಲೆ ಮರದ ಪಟ್ಟಿ ಇಟ್ಟು ತಟ್ಟಿ, ರಸಮಟ್ಟ ಹಿಡಿದು ನೋಡಿದ್ದೆ. ಕೂದಲೆಳೆಯಷ್ಟೂ ಏರುತಗ್ಗು ಇರಲಿಲ್ಲ.

ಐಡಾ ಮೇಡಂ ಬಂದು ನೋಡಿದರು. ದೀಪ ಆರಿಸಿ ಒಂದು ಮೇಣದ ಬತ್ತಿ ಹಚ್ಚಿ ನನ್ನ ಕೈಗೆ ಕೊಟ್ಟು, ಗೋಡೆಯ ಮುಂದೆ ನಡೆ ಅಂದರು. ನಡೆದೆ. ಅವರು ಮಾಡಿದ ಅರ್ಧದಲ್ಲಿ ಚಿನ್ನ ನನ್ನ ಜೊತೆಗೇ ಬಂತು. ಒಂದು ಚೂರು ಆರುವಾಗ ಪಕ್ಕದ್ದು ಹೊತ್ತಿಕೊಳ್ಳುತ್ತಿತ್ತು. ನನ್ನ ಅರ್ಧ ಮಾತ್ರ ಹಿತ್ತಾಳೆ ತಟ್ಟೆಯ ಹಾಗೆ ಒಂದೇ ಕಡೆ ಕಣ್ಣಿಗೆ ಹೊಡೆದು ಉಳಿದಲ್ಲೆಲ್ಲ ಕಪ್ಪಾಗಿತ್ತು. ನನಗೆ ನಾಚಿಕೆಯಾಯಿತು.

ಒಂದೊಂದು ಚೂರೂ ಒಂದೊಂದು ಕಡೆಗೆ ತುಸು ವಾಲಬೇಕು, ಆಗಲೇ ಬತ್ತಿಯ ಬೆಳಕು ಓಡಾಡುವುದು, ಬೆಳಿಗ್ಗೆ ಹೇಳಿದ್ದೂ ಇದನ್ನೇ ಅಂದರು. ಗಾರೆ ಇನ್ನೂ ಹಸಿಯಿದೆ, ಎಲ್ಲ ಕೀಳು ಅಂದರು.

“ನಾಳೆ ಸಂಜೆಯವರೆಗೆ ನೋಡುತ್ತೇನೆ ಅಂಗಾರ. ಆಗದಿದ್ದರೆ ಖಲಾಸ್, ಬೈರೂತಿನಿಂದ ಜನ ಕರೆಸುತ್ತೇನೆ.”

ಹಮ್ರಿಯಾದ ಮನೆಗೆ ಬಂದು ಹೆಂಡತಿ ದಮಯಂತಿಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡರೆ ನಕ್ಕಳು.

“ಸೊಟ್ಟ ಮಾಡ್ಲಿಕ್ಕೆ ನಿಮಗೆ ಬರುದಿಲ್ವಾ? ಇಷ್ಟು ವರ್ಷ ನನ್ನತ್ರ ಸೊಟ್ಟ ಮಾತಾಡಿದ್ದು ಮತ್ತೆಂತ?”

ಕೋಪ ಬಂತು, ನಗುವೂ ಬಂತು. ಆಮೇಲೆ ಅವಳೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಬೆಳಿಗ್ಗೆ ಶುರುಮಾಡಿದೆ. ಚೂರನ್ನು ವಾಲಿಸಿ ಇಡುತ್ತೇನೆ, ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಬಂದು ಅದನ್ನು ಒತ್ತಿ ಮಟ್ಟ ಮಾಡುತ್ತದೆ. ಹತ್ತು ಇಟ್ಟರೆ ಹತ್ತೂ ಮಟ್ಟ. ಇಪ್ಪತ್ತೆರಡು ವರ್ಷದ ಅಭ್ಯಾಸ, ಹೇಳಿದರೆ ಕೇಳುತ್ತದೆಯೇ? ಮಧ್ಯಾಹ್ನದವರೆಗೆ ಇಟ್ಟದ್ದು, ಕಿತ್ತದ್ದು, ಇಷ್ಟೇ ಆಯಿತು. ಕೊನೆಗೆ ರೇಗಿ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಎಡಗೈಯಲ್ಲಿ ಒಂದು ಚೂರು ಇಟ್ಟೆ. ಸೊಟ್ಟ ಕೂತಿತು. ಇನ್ನೊಂದು ಇಟ್ಟೆ, ಅದು ಬೇರೆಯೇ ಸೊಟ್ಟ. ಟೈಲ್ಸ್ ಗೊತ್ತಿಲ್ಲದ ಕೈ ಅದು!

ಆದರೆ ಎಡಗೈ! ನಮ್ಮಲ್ಲಿ ದೇವರಿಗೆ ಒಂದು ಹೂವನ್ನೂ ಎಡಗೈಯಲ್ಲಿ ಕೊಡುವುದಿಲ್ಲ, ನಾನು ಪ್ರಭಾವಳಿಯನ್ನೇ ಕೂರಿಸುತ್ತಿದ್ದೆ. ತಪ್ಪಾಯಿತಮ್ಮ, ಮಗಳ ಮುಖ ನೋಡಿ ಕ್ಷಮಿಸು ಅಂತ ಮೇರಿಯಮ್ಮನಿಗೆ ಹೇಳಿಕೊಂಡು ಮುಂದುವರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಐಡಾ ಮೇಡಂ ನಿಂತಿದ್ದಾರೆ. ಕಳ್ಳನ ಹಾಗೆ ಎಡಗೈ ಬೆನ್ನ ಹಿಂದೆ ಅಡಗಿಸಿದೆ. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಪ್ಲಾಸ್ಟರ್ ಹಾಕಿದ ತಮ್ಮ ಬಲಗೈ ಎತ್ತಿ ತೋರಿಸಿದರು.

“ಕೈ ಮುರಿದಾಗ ಈ ಮೇರಿಯಮ್ಮನಿಗೆ ಕಣ್ಣು ಕೂಡ ಆಗಿರಲಿಲ್ಲ. ಆ ಮುಖವನ್ನು ನಾನು ಯಾವ ಕೈಯಲ್ಲಿ ಮುಗಿಸಿದೆ ಅಂದುಕೊಂಡಿದ್ದೀ?”

ನಾನು ಮೇರಿಯಮ್ಮನ ಕಣ್ಣುಗಳನ್ನೇ ನೋಡಿದೆ. ಆಮೇಲೆ ಎಡಗೈ ಮುಂದೆ ತಂದು ಇನ್ನೊಂದು ಚೂರು ಎತ್ತಿಕೊಂಡೆ.

ಸಂಜೆ ಅವರೇ ಬತ್ತಿ ಹಿಡಿದು ಗೋಡೆಯ ಮುಂದೆ ನಡೆದರು. ನಾನು ಕಣ್ಣು ಮುಚ್ಚಿಕೊಂಡೆ, ನೋಡುವ ಧೈರ್ಯ ಇರಲಿಲ್ಲ. ಹೆಜ್ಜೆಯ ಸದ್ದು ಆ ತುದಿಗೆ ಹೋಯಿತು, ಈ ತುದಿಗೆ ಬಂತು, ಪುನಃ ಹೋಯಿತು. ಮೂರನೆಯ ಸಲ ಯಾಕೆ ನಡೆಯುತ್ತಾರೆ ಅಂತ ಕಣ್ಣು ಬಿಟ್ಟರೆ, ಅವರು ಗೋಡೆ ನೋಡುತ್ತಾ ಒಬ್ಬರೇ ನಗುತ್ತಿದ್ದರು.

“ನಾಳೆ ಪಾಸ್‌ಪೋರ್ಟಿನ ಕಾಪಿ ತಾ” ಅಂದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. ಎತ್ತಿದ್ದು ಅಕ್ಷಿತಾ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿಸಬೇಡ ಮಗಳೇ, ಪರೀಕ್ಷೆ ಇಲ್ಲೇ ಬರೆಯುವಿ ಅಂದೆ. ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಈ ಸಲ ನಮ್ಮ ಮನೆಮಾತು ತುಳುವಿನಲ್ಲಿ, ನಿಜವಾ ಅಪ್ಪ ಅಂತ ಕೇಳಿದಳು.