ತಾತ ಚಿರತೆ ಹೊಡೆದ ಕೋವಿ

ಅರ್ಧ ಮನೆ ಸುಟ್ಟುಹೋದರೂ ಅಣ್ಣನ ಮೀಸೆಯ ಒಂದು ಕೂದಲೂ ಸೀಯಲಿಲ್ಲವಲ್ಲ ಎಂಬುದೇ ತಂಗಿಯ ಹೊಟ್ಟೆಯುರಿ. ಅಂಗಳದಲ್ಲಿ ನಿಂತು "ಅಯ್ಯೋ ತಾತನ ಕೋವಿ!" ಎಂದು ಬಾಯಿ ಬಡಿದುಕೊಂಡವನು ಅವನು; ಹೊಗೆಯೊಳಗೆ ನುಗ್ಗಿ ತಂದವಳು ಎಪ್ಪತ್ತು ದಾಟಿದ ಅಮ್ಮ. ಕಾದ ನಳಿಗೆ ಹಿಡಿದು ಅವಳ ಅಂಗೈ ಎರಡೂ ಬೆಂದವು. ಈ ಮಹಾಶಯ ಮೊದಲು ವಿಚಾರಿಸಿಕೊಂಡದ್ದು ಕೋವಿಯನ್ನು.

ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯಲು ಬಂದ ತಂಗಿ ಗೋಗರೆದದ್ದೇ ಬಂತು.

"ಅವನು ಕಂಗಾಲಾಗಿದ್ದಾನೆ ಕಣೇ. ಈಗ ಹೇಗೆ ಬಿಟ್ಟು ಬರ್ಲಿ?" ಎಂದಳು ಅಮ್ಮ.

ಸರಿ, ಕೋವಿಯಾದರೂ ಬೇಗ ರಿಪೇರಿಯಾಗಲಿ ಎಂದು ತಂಗಿ ಅಣ್ಣನ ಜೊತೆ ಬಂದೂಕಿನ ಅಂಗಡಿಗೆ ಹೋದಳು. ಅಲ್ಲಿ ಶುರುವಾಯಿತು ಇವನ ಪುರಾಣ. ತಾತ, ಕತ್ತಲು, ಚಿರತೆ, ಒಂದೇ ಗುಂಡು. ಪ್ರತಿ ಸಲ ಹೇಳಿದಾಗಲೂ ಆ ಚಿರತೆ ಒಂದು ಗೇಣು ಬೆಳೆಯುತ್ತಿತ್ತು. ಮೇಸ್ತ್ರಿ ಆಕಳಿಸುತ್ತಲೇ ಕೋವಿಯ ಕರಕಲಾದ ಮರದ ಕವಚ ಬಿಚ್ಚಿದ. ಮರದ ಮರೆಯಲ್ಲಿದ್ದ ನಳಿಗೆಯ ಅಡಿಭಾಗಕ್ಕೆ ಬೆಂಕಿ ಅಷ್ಟಾಗಿ ತಾಗಿರಲಿಲ್ಲ. ಅಲ್ಲೊಂದು ಮುದ್ರೆ, ಪಕ್ಕದಲ್ಲೇ ಕಿರುಬೆರಳು ತೂರುವಷ್ಟು ತೂತು.

"ಇದು ಕವಾಯತು ಕಲಿಯೋರಿಗೆ ಕೊಡೋ ರೈಫಲ್ಲು ಸಾರ್. ಗುಂಡು ಹಾರಬಾರ್ದು ಅಂತ ತೂತು ಕೊರೆದೇ ಕೊಡೋರು."

"ಹಾಗಾದ್ರೆ ಚಿರತೆ?"

"ನಕ್ಕೂ ನಕ್ಕೂ ಸತ್ತಿರಬೇಕು ಬಿಡು," ಎಂದಳು ತಂಗಿ.

ಅಣ್ಣನಿಗೆ ನಾಚಿಕೆಯಾಗಬೇಕಿತ್ತು. ಅದೆಲ್ಲ ಮಾನ ಇದ್ದವರಿಗೆ! "ಹೊಸ ಮರ ಹಾಕಿ, ಹೊಳಪು ಕೊಟ್ಬಿಡಿ. ಒಳಗಿಂದು ಯಾರು ನೋಡ್ತಾರೆ?" ಎಂದ. ಮೇಸ್ತ್ರಿ ಹಾಗೇ ಮಾಡಿಕೊಟ್ಟ.

ಮಸಿ ಹಿಡಿದ ಗೋಡೆಯ ಮೇಲೆ ಕೋವಿ ಮದುಮಗನ ಹಾಗೆ ಮಿಂಚತೊಡಗಿದಾಗ ತಂಗಿಗೆ ತಡೆಯಲಾಗಲಿಲ್ಲ. ತೂತಿನ ವಿಷಯ ಅಮ್ಮನಿಗೆ ಒದರಿಬಿಟ್ಟಳು.

"ಗೊತ್ತಿತ್ತು," ಎಂದಳು ಅಮ್ಮ. "ಇಷ್ಟು ವರ್ಷ ಒರೆಸಿದೋಳು ನಾನಲ್ವಾ? ನಳಿಗೆಗೆ ಎಣ್ಣೆ ಬಿಟ್ರೆ ಅಡೀಲಿ ಸೋರ್ತಿತ್ತು."

ಅಣ್ಣ ಸಿಡಿದೆದ್ದ. "ಗೊತ್ತಿದ್ದೂ ಬೆಂಕಿಗೆ ಯಾಕೆ ನುಗ್ಗಿದೆ? ಊರೆಲ್ಲ ನನ್ನನ್ನೇ ಆಡ್ಕೊಳ್ತಿದೆ!"

"ನೀನು ಹಾಗೆ ಕೂಗ್ತಿದ್ಯಲ್ಲಪ್ಪ. ಎಲ್ಲಿ ನುಗ್ಗಿಬಿಡ್ತೀಯೋ ಅಂತ ಜೀವ ಬಾಯಿಗೆ ಬಂತು. ಅದಕ್ಕೆ ನಿನಗಿಂತ ಮುಂಚೆ ನಾನೇ ಹೋದೆ."

"ನಾನಾ?" ಅಣ್ಣ ನಕ್ಕೇಬಿಟ್ಟ. "ನನಗೇನು ತಲೆ ಕೆಟ್ಟಿತ್ತಾ?"

ಅಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಪಟ್ಟಿ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಗಳ ಕಡೆ ತಿರುಗಿದಳು.

"ನನ್ನ ಬಟ್ಟೆ ಕಟ್ಟೇ. ಈ ಕೈಲಿ ನನಗಾಗಲ್ಲ."